ಹಳೆಯ ಮನೆಗಳಲ್ಲಿನ ವಿದ್ಯುತ್ ತಂತಿಗಳನ್ನು ಪರೀಕ್ಷಿಸುವ ಕ್ರಮ

ಬೇಸಾಯದ ವಿಷಯಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಮನೆಯ ದೀಪದ ತಂತಿಗಳ ಮಾತೇಕೆ ಎಂದು ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ನನಗೆ ಈ ವಿಷಯದ ಗೊಡವೆ ಹತ್ತಿದ್ದು ಎರಡು ಎಮ್ಮೆಗಳಿಂದ. ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿರುವ ಒಂದು ಗ್ರಾಮಕ್ಕೆ ಒಮ್ಮೆ ಮಳೆಗಾಲದಲ್ಲಿ ಬತ್ತದ ಬೆಳೆಯನ್ನು ನೋಡುವುದಕ್ಕಾಗಿ ಹೋಗಿದ್ದೆನು. ಕೆಲಸ ಮುಗಿದ ತರುವಾಯ ಆ ಜಮೀನಿನ ಯಜಮಾನರು, "ಸಾಹೇಬರ, ಎಂಟು ದಿನ ಆತು, ಎಮ್ಮಿ ತೊಟ್ಟಿ ನೀರು ಮುಟ್ಟವಲ್ವು, ಬಕೀಟಿನಾಗ ಕೊಟ್ರ ಕುಡೀತಾವ" ಎಂದು ಹೇಳಿದರು. ಪಶುವೈದ್ಯರು ಬಂದು ನೋಡಿ ರೋಗವೇನೂ ಇಲ್ಲವೆಂದು ಹೇಳಿ ಹೋಗಿದ್ದರು. ದೃಷ್ಟಿ ತಾಕಿದೆ ಎಂದು ತೊಟ್ಟಿಗೆ ಲಿಂಬೆಹಣ್ಣು ಕಟ್ಟಿದ್ದರು.

ಆ ತೊಟ್ಟಿಗೆ ನೀರು ಬರುವ ನಲ್ಲಿಯು ಕಬ್ಬಿಣದ್ದು. ನಲ್ಲಿಯ ಕೊಳವೆಯು ಕೊಟ್ಟಿಗೆಯ ತಗಡಿನ ಮಾಡಿಗೆ ತಗುಲಿಕೊಂಡು ಮೇಲಕ್ಕೆ ಹೋಗಿತ್ತು. ತಗಡಿನ ಕೆಳಗೆ ತೊಲೆಯ ಗುಂಟ ದೀಪದ ಹಳೆಯ ತಂತಿಯೊಂದು ಹಾದಿತ್ತು. ಅದರ ಹೊದಿಕೆಯನ್ನು ಇಲಿ ಕಡಿದು ಒಳಗಿನ ಲೋಹವು ತಗಡಿಗೆ ಮುಟ್ಟಿತ್ತು. ಮನೆಯವರೆಲ್ಲರೂ ಚಪ್ಪಲಿ ಮೆಟ್ಟಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಹಸಿನೆಲದ ಮೇಲೆ ನಿಂತು ನೀರಿಗೆ ಮೂತಿ ಇಟ್ಟ ಎಮ್ಮೆಗೆ ಮಾತ್ರ ತಿಳಿಯಿತು. ಮೀಟರಿನ ಬಳಿಯ ಮುಖ್ಯ ಸ್ವಿಚ್ಚನ್ನು ಆರಿಸಿ ಕೆಲವು ಹೊತ್ತು ಕಾದೆವು. ಎರಡೂ ಎಮ್ಮೆಗಳು ಬಂದು ಹೊಟ್ಟೆತುಂಬ ನೀರು ಕುಡಿದವು. ಆ ಮನೆಯಲ್ಲಿ ಬರಿಗಾಲಿನಲ್ಲಿ ಓಡಾಡುವ ಮೂವರು ಮಕ್ಕಳಿದ್ದರು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಆ ಎಂಟು ದಿನವೂ ಕೊಟ್ಟಿಗೆಯ ದೀಪವು ಚೆನ್ನಾಗಿ ಉರಿಯುತ್ತಲೇ ಇತ್ತು. ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮುಖ್ಯ ಸಂಗತಿಯು ಇದೇ. ದೀಪ ಉರಿಯುತ್ತದೆ, ಪಂಖ ತಿರುಗುತ್ತದೆ, ಆದಕಾರಣ ತಂತಿಗಳು ಸರಿಯಾಗಿವೆ ಎಂಬ ತರ್ಕವು ತಪ್ಪಾದದ್ದು. ಶಕ್ತಿಯು ಹೋಗಬೇಕಾದ ಕಡೆಗೆ ಹೋಗುತ್ತಿದೆ ಎಂಬುದಕ್ಕೆ ಮಾತ್ರ ದೀಪವು ಸಾಕ್ಷಿ. ಹೋಗಬಾರದ ಕಡೆಗೆ ಹೋಗುತ್ತಿಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ನಮ್ಮ ಭಾಗದ ಮನೆಗಳ ತಂತಿಗಳು ಒಂದೇ ಕಾಲದವಲ್ಲ. ರಾಯಚೂರು ನಗರದಲ್ಲಿ ಕೋಟೆಯ ಸುತ್ತಣ ಹಳೆಯ ಓಣಿಗಳ ಕೆಲವು ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ರಬ್ಬರು ಹೊದಿಕೆಯ ತಂತಿಗಳು ಇಂದಿಗೂ ಕಾಣಸಿಗುತ್ತವೆ. ದೇವದುರ್ಗ, ಮಾನ್ವಿ ಕಡೆಯ ಜಮೀನುದಾರರು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಇಂಥ ಮನೆಗಳನ್ನು ಬಾಡಿಗೆಗೆ ಹಿಡಿಯುವುದುಂಟು. ಬಾಡಿಗೆ ಎಷ್ಟೆಂದು ಕೇಳುವವರು ತಂತಿ ಯಾವ ಕಾಲದ್ದೆಂದು ಕೇಳುವುದಿಲ್ಲ. ಹಳ್ಳಿಗಳಲ್ಲಿ 1979ರಲ್ಲಿ ಆರಂಭವಾದ ಭಾಗ್ಯಜ್ಯೋತಿ ಯೋಜನೆಯಿಂದ ಬಡವರ ಮನೆಗಳಿಗೆ ಒಂದೊಂದು ದೀಪ ಬಂದಿತು. 1985ರಲ್ಲಿ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಮೊದಲನೆಯ ಘಟಕವು ಕೆಲಸಕ್ಕೆ ತೊಡಗಿತು. ಆ ಕಾಲದಲ್ಲಿ ಎಳೆದ ತಂತಿಗಳಿಗೆ ಈಗ ನಾಲ್ವತ್ತು ವರ್ಷ ಪ್ರಾಯ.

ರಬ್ಬರಿನ ಹೊದಿಕೆಯು ವರ್ಷಗಳು ಕಳೆದಂತೆ ಒಣಗಿ, ಬಿರುಸಾಗಿ, ಬಿರುಕು ಬಿಟ್ಟು ಉದುರುತ್ತದೆ. ಅಲುಗಿಸದೆ ಇದ್ದರೆ ನೋಡುವುದಕ್ಕೆ ಸರಿಯಾಗಿಯೇ ಕಾಣುತ್ತದೆ. ಬಣ್ಣ ಬಳಿಯುವವನು ಸ್ವಲ್ಪ ಎಳೆದನೆಂದರೆ ಪುಡಿಯಾಗುತ್ತದೆ. ತರುವಾಯ ಬಂದ ಪಿ.ವಿ.ಸಿ. ಹೊದಿಕೆಯು ಇದಕ್ಕಿಂತ ಬಾಳಿಕೆಯದು. ಆದರೆ ಸಾಮಾನ್ಯ ಪಿ.ವಿ.ಸಿ. ತಂತಿಯು 70 ಡಿಗ್ರಿ ಸೆಂಟಿಗ್ರೇಡಿನವರೆಗಿನ ಉಷ್ಣತೆಗೆ ಮಾತ್ರ ತಕ್ಕುದು. ರಾಯಚೂರಿನ ವೈಶಾಖದ ಬಿಸಿಲಿನಲ್ಲಿ ತಗಡಿನ ಕೆಳಗೆ ಬಿಗಿದ ತಂತಿಯು, ವಿದ್ಯುತ್ತು ಹರಿಯುವುದಕ್ಕೆ ಮುಂಚೆಯೇ ಎಷ್ಟು ಕಾದಿರುತ್ತದೆ ಎಂಬುದನ್ನು ಆ ತಗಡನ್ನು ಕೈಯಿಂದ ಮುಟ್ಟಿದವರು ಬಲ್ಲರು. ಒಂದು ಕಾಲದಲ್ಲಿ ಅಗ್ಗವೆಂದು ಅಲ್ಯುಮಿನಿಯಂ ತಂತಿಗಳನ್ನು ಬಹಳವಾಗಿ ಹಾಕಿದರು. ಈ ಲೋಹವು ಮೆತ್ತಗಿನದು. ತಿರುಪಿನ ಕೆಳಗೆ ಒತ್ತಿ ಬಿಗಿದರೂ ಕಾಲಕ್ರಮದಲ್ಲಿ ಸರಿದು ಸಡಿಲವಾಗುತ್ತದೆ. ಸಡಿಲವಾದ ಕಡೆ ಕಿಡಿ, ಕಿಡಿಯಿಂದ ಶಾಖ. ಅಲ್ಯುಮಿನಿಯಮಿಗೆ ತಾಮ್ರದ ತಂತಿಯನ್ನು ಸುಮ್ಮನೆ ಹೊಸೆದು ಗಂಟುಹಾಕಿದರೆ ಆ ಗಂಟು ತೇವದಲ್ಲಿ ಬೇಗನೆ ಕೊಳೆಯುತ್ತದೆ.

ತಂತಿಗೆ ಪ್ರಾಯವಾದಂತೆ ಅದರ ಮೇಲಿನ ಭಾರವು ಹೆಚ್ಚಿರುವುದು ಇನ್ನೊಂದು ಕಷ್ಟ. ನಾಲ್ಕು ಬಲ್ಬು, ಒಂದು ಪಂಖ, ಒಂದು ರೇಡಿಯೋ, ಇಷ್ಟಕ್ಕೆಂದು ಎಳೆದ ತಂತಿಯ ಮೇಲೆ ಈಗ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ಲು, ಕೂಲರು, ಮಿಕ್ಸಿ, ಫ್ರಿಜ್ಜು ನಿಂತಿವೆ. ಲೆಕ್ಕವನ್ನು ನೋಡಿರಿ. ನಮ್ಮಲ್ಲಿಯ ವಿದ್ಯುತ್ತಿನ ಒತ್ತಡವು 230 ವೋಲ್ಟು. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯು 4.3 ಆಂಪಿಯರನ್ನೂ, 1500 ವ್ಯಾಟಿನ ಕಾಯಿಲ್ಲು 6.5 ಆಂಪಿಯರನ್ನೂ ಎಳೆಯುತ್ತವೆ. ಎರಡನ್ನೂ ಒಟ್ಟಿಗೆ ಹಚ್ಚಿದರೆ ಸುಮಾರು 11 ಆಂಪಿಯರು. 5 ಆಂಪಿಯರಿನ ದೀಪದ ಸಾಲಿನಲ್ಲಿ ಇಷ್ಟು ಹರಿದರೆ ಶಾಖವು ಎರಡು ಪಟ್ಟಾಗುವುದಿಲ್ಲ; ನಾಲ್ಕು ಪಟ್ಟಿಗೂ ಮೀರುತ್ತದೆ. ಏಕೆಂದರೆ ಪ್ರವಾಹವು ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುವುದು ನಿಯಮ. ದೀಪಗಳ ಒಂದು ಸಾಲಿನಲ್ಲಿ 10 ಪಾಯಿಂಟುಗಳಿಗೆ ಅಥವಾ 800 ವ್ಯಾಟಿಗೆ ಮೀರಬಾರದೆಂಬ ಕಟ್ಟಳೆಯು ಇದಕ್ಕಾಗಿಯೇ ಇದೆ. ಬಲವಾದ ಉಪಕರಣಗಳಿಗೆ ಮೀಟರು ಹಲಗೆಯಿಂದಲೇ ಬೇರೆ ಸಾಲು, ಬೇರೆ ದಪ್ಪದ ತಂತಿ ಬರಬೇಕು. ಸಾಮಾನ್ಯವಾಗಿ ದೀಪಗಳಿಗೆ 1.5 ಚದರ ಮಿಲಿಮೀಟರು, ಸಾಕೆಟ್ಟುಗಳಿಗೆ 2.5, ಕಾಯಿಲ್ಲು ಗೀಜರುಗಳಂಥವಕ್ಕೆ 4 ಚದರ ಮಿಲಿಮೀಟರು ತಾಮ್ರದ ತಂತಿಯನ್ನು ಹಾಕುವುದು ಒಳ್ಳೆಯ ರೂಢಿ.

ಇಷ್ಟೊಂದು ಶಾಖವಾದರೆ ಫ್ಯೂಜು ಹೋಗಬೇಕಲ್ಲವೆ ಎಂದು ಕೇಳಬಹುದು. ಹೋಗಬೇಕು, ನಿಜ. ಪಿಂಗಾಣಿಯ ಫ್ಯೂಜಿನಲ್ಲಿ 5 ಆಂಪಿಯರಿಗೆ 0.2 ಮಿಲಿಮೀಟರು ದಪ್ಪದ, 15 ಆಂಪಿಯರಿಗೆ 0.5 ಮಿಲಿಮೀಟರು ದಪ್ಪದ, ತವರ ಲೇಪಿಸಿದ ತಾಮ್ರದ ಎಳೆ ಇರತಕ್ಕದ್ದು. ನಾನು ತೆರೆದು ನೋಡಿದ ಫ್ಯೂಜುಗಳಲ್ಲಿ ನಾಲ್ಕೈದು ಎಳೆಗಳನ್ನು ಹೊಸೆದು ಹಾಕಿದವೇ ಹೆಚ್ಚು; ಒಂದು ಮನೆಯಲ್ಲಿ ಬೇಲಿಯ ತಂತಿಯ ತುಂಡನ್ನೇ ಇಟ್ಟಿದ್ದರು. ಪದೇ ಪದೇ ಹೋಗುವುದು ತೊಂದರೆ ಎಂದು ಹೀಗೆ ಮಾಡುತ್ತಾರೆ. ಹೊಲದ ಕಾವಲುಗಾರನು ಕೂಗುತ್ತಾನೆಂದು ಅವನ ಬಾಯಿ ಕಟ್ಟಿದಂತೆ ಇದು. ಫ್ಯೂಜು ಮೇಲಿಂದ ಮೇಲೆ ಹೋಗುತ್ತಿದ್ದರೆ ಕೂಡಲೆ ಹುಡುಕತಕ್ಕದ್ದು ಕಾರಣವನ್ನೇ ಹೊರತು ದಪ್ಪ ತಂತಿಯನ್ನಲ್ಲ.

ಆದರೆ ಫ್ಯೂಜು ಸರಿಯಾಗಿದ್ದರೂ, ಅದರ ಬದಲು ಈಗಿನ ಎಂ.ಸಿ.ಬಿ. ಸ್ವಿಚ್ಚು ಇದ್ದರೂ, ಅವು ಕಾಯುವುದು ತಂತಿಯನ್ನೇ ಹೊರತು ಮನುಷ್ಯನನ್ನಲ್ಲ. ಒಂದು ಆಂಪಿಯರಿನ ಹತ್ತರಲ್ಲೊಂದು ಭಾಗವು ಎದೆಯ ಮೂಲಕ ಕೆಲವು ಕ್ಷಣ ಹರಿದರೆ ಪ್ರಾಣ ಹೋಗಬಹುದು. 5 ಆಂಪಿಯರಿನ ಫ್ಯೂಜಿಗೆ ಅದು ಗೊತ್ತೂ ಆಗದು. ಮನುಷ್ಯನನ್ನು ಕಾಯುವವು ಎರಡು: ಭೂಮಿಗೆ ಕೂಡಿಸಿದ ಅರ್ಥಿಂಗ್ ತಂತಿ, ಮತ್ತು ಸೋರಿಕೆಯನ್ನು ಕಂಡು ತಾನಾಗಿಯೇ ಬೀಳುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು.

ಅರ್ಥಿಂಗಿನ ವಿಷಯದಲ್ಲಿ ನಮ್ಮ ಮಣ್ಣಿನ ಗುಣವನ್ನು ತಿಳಿದ ಜಮೀನುದಾರರಿಗೆ ಪಟ್ಟಣದವರಿಗಿಂತ ಬೇಗನೆ ಅರ್ಥವಾಗುವ ಒಂದು ಮಾತುಂಟು. ಸುಮಾರು ಎರಡೂವರೆ ಮೀಟರು ಉದ್ದದ ಜಸ್ತದ ಲೇಪದ ಕಬ್ಬಿಣದ ಕೊಳವೆಯನ್ನು ನೆಟ್ಟು, ಸುತ್ತಲೂ ಇದ್ದಿಲು ಉಪ್ಪುಗಳನ್ನು ತುಂಬಿ ಅದಕ್ಕೆ ತಂತಿಯನ್ನು ಕಟ್ಟುವುದು ಹಳೆಯ ಪದ್ಧತಿ. ಎರೆಭೂಮಿಯು ತೇವದಲ್ಲಿ ಕೊಳವೆಯನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಆಗ ಅದರಷ್ಟು ಒಳ್ಳೆಯ ಮಣ್ಣು ಬೇರೆ ಇಲ್ಲ. ಬೇಸಗೆ ಬಂದಿತೆಂದರೆ ಅದೇ ಎರೆಯು ಕುಗ್ಗಿ, ಬಿರಿದು, ಕೊಳವೆಯಿಂದ ದೂರ ಸರಿಯುತ್ತದೆ. ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಮಣ್ಣು ಮನೆಯ ಹಿತ್ತಲಿನಲ್ಲಿ ಬಿಡದೆ ಇದ್ದೀತೆ? ಕೂಲರನ್ನು ಹಗಲಿರುಳು ನಡೆಸುವ ದಿನಗಳಲ್ಲಿಯೇ ಅರ್ಥಿಂಗು ಬಲಗುಂದುತ್ತದೆ. ಮಸಾರಿ ನೆಲದಲ್ಲಿ ಬಿರುಕು ಕಡಿಮೆಯಾದರೂ ತೇವವು ಬೇಗನೆ ಆರುತ್ತದೆ. ಮಾನ್ವಿಯ ಕಾಲುವೆ ಕೆಳಗಿನ ಕೆಲವು ಊರುಗಳಲ್ಲಿ ಇದಕ್ಕೆ ತದ್ವಿರುದ್ಧವಾದ ತೊಂದರೆ. ನೆಲದಲ್ಲಿ ನೀರು ಏರಿ ಸವಳು ಹುಟ್ಟಿರುವುದರಿಂದ ಕೊಳವೆಯೇ ತುಕ್ಕುಹಿಡಿದು ತಿಂದುಹೋಗಿರುತ್ತದೆ. ಮೇಲೆ ಗೇಣುದ್ದ ಕೊಳವೆ ಕಾಣುತ್ತದೆ, ಕೆಳಗೆ ಏನೂ ಇರುವುದಿಲ್ಲ.

ಇದರ ಪರಿಣಾಮವನ್ನು ಅಂಕಿಗಳಲ್ಲಿ ಹೇಳುತ್ತೇನೆ. ಕೂಲರಿನ ಕಬ್ಬಿಣದ ಮೈಗೆ ಒಳಗಿನ ತಂತಿ ತಗುಲಿತೆನ್ನೋಣ. ಅರ್ಥಿಂಗಿನ ತಡೆಯು 20 ಓಮು ಇದ್ದರೆ ಭೂಮಿಗೆ ಹರಿಯುವುದು ಸುಮಾರು 11.5 ಆಂಪಿಯರು, 15 ಆಂಪಿಯರಿನ ಫ್ಯೂಜು ಹೋಗುವುದಿಲ್ಲ. ಒಣಗಿದ ಎರೆಯಲ್ಲಿ ಆ ತಡೆಯು 100 ಓಮಿಗೆ ಏರಿದರೆ ಹರಿಯುವುದು 2.3 ಆಂಪಿಯರು, ಆಗ 5 ಆಂಪಿಯರಿನ ಫ್ಯೂಜು ಸಹ ಹೋಗುವುದಿಲ್ಲ. ಎರಡು ಸಂದರ್ಭಗಳಲ್ಲಿಯೂ ಕೂಲರು ತಿರುಗುತ್ತಲೇ ಇರುತ್ತದೆ, ಅದರ ಮೈ ಮುಟ್ಟಿದವನಿಗೆ ಹೊಡೆಯುತ್ತದೆ. ಆದಕಾರಣ ಅರ್ಥಿಂಗಿನ ಗುಂಡಿಯು ಬಚ್ಚಲಿನ ನೀರು ಹರಿಯುವ ಕಡೆ, ಬಿರುಕುಗಳಿಗಿಂತ ಆಳವಾಗಿ ಇರಬೇಕು. ಫಾಲ್ಗುಣದಿಂದ ಮಳೆ ಬೀಳುವವರೆಗೂ ವಾರಕ್ಕೆ ಒಂದೆರಡು ಕೊಡ ನೀರನ್ನು ಅದಕ್ಕೆ ಹೊಯ್ಯಬೇಕು. ಹಿಂದೆ ಅನೇಕರು ನಲ್ಲಿಯ ಕಬ್ಬಿಣದ ಕೊಳವೆಗೇ ಅರ್ಥಿಂಗ್ ತಂತಿಯನ್ನು ಸುತ್ತಿ ಮುಗಿಸುತ್ತಿದ್ದರು. ಈಗ ಆ ಕೊಳವೆಯ ಜಾಗದಲ್ಲಿ ಪ್ಲಾಸ್ಟಿಕ್ ಕೊಳವೆ ಬಂದಿದೆ. ತಂತಿ ಸುತ್ತಿದ ತುಂಡು ಗೋಡೆಯಲ್ಲಿ ಉಳಿದಿರುವುದರಿಂದ ಅರ್ಥಿಂಗು ಇದೆಯೆಂದೇ ಮನೆಯವರ ನಂಬಿಕೆ.

ಇನ್ನು ಮನೆಯ ಯಜಮಾನರು ತಾವಾಗಿಯೇ ನೋಡಬಹುದಾದವುಗಳು. ಯಾವುದನ್ನೂ ಬಿಚ್ಚಬೇಕಾಗಿಲ್ಲ, ಕಣ್ಣು, ಮೂಗು, ತಾಳ್ಮೆ ಸಾಕು. ಹಗಲು ಹೊತ್ತಿನಲ್ಲಿ ಮೀಟರಿನಿಂದ ಹೊರಟು ತಂತಿಯು ಹೋದ ದಾರಿಯಲ್ಲಿಯೇ ಕೊನೆಯ ದೀಪದವರೆಗೆ ನಡೆಯಿರಿ. ಬಟ್ಟೆಯ ಹೊದಿಕೆಯ ಹೊಸೆದ ತಂತಿ, ಗೆದ್ದಲು ತಿಂದ ಮರದ ಪಟ್ಟಿ, ಬರಿಯ ಪಟ್ಟಿ ಸುತ್ತಿದ ಗಂಟು, ಮೊಳೆಗೆ ನೇತುಹಾಕಿದ ತಂತಿ, ಕಪ್ಪಾದ ಸಾಕೆಟ್ಟು, ಬಿರುಕುಬಿಟ್ಟ ಹೋಲ್ಡರು, ಇವುಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿರಿ. ಮಣ್ಣಿನ ಮಾಳಿಗೆಯು ಸೋರಿದ ಗುರುತು ಗೋಡೆಯ ಮೇಲೆ ಇದ್ದು ಅದರ ಕೆಳಗೆ ಸ್ವಿಚ್ಚುಬೋರ್ಡು ಇದ್ದರೆ ಅದನ್ನು ವಿಶೇಷವಾಗಿ ಬರೆಯಿರಿ. ಕಾಳಿನ ಚೀಲಗಳ ನಿಟ್ಟು ಹಚ್ಚಿದ ಕೋಣೆಯಲ್ಲಿ ಇಲಿಯ ಹಿಕ್ಕೆ ಕಂಡರೆ ತಂತಿಯನ್ನು ಕಡಿದಿದೆ ಎಂದೇ ತಿಳಿದು ಹುಡುಕಿರಿ.

ಕಾಯಿಲ್ಲು ಅಥವಾ ಇಸ್ತ್ರಿಪೆಟ್ಟಿಗೆಯನ್ನು ಬಳಸಿದ ತರುವಾಯ ಸಾಕೆಟ್ಟಿನಿಂದ ಸುಟ್ಟ ವಾಸನೆ ಬರುತ್ತದೆಯೆ, ಸ್ವಿಚ್ಚಿನ ಹತ್ತಿರ ಚಿರಚಿರ ಸದ್ದಾಗುತ್ತದೆಯೆ, ಮಿಕ್ಸಿ ತಿರುಗಿದಾಗ ದೀಪ ಮಂಕಾಗುತ್ತದೆಯೆ ಎಂಬುದನ್ನು ಮನೆಯ ಹೆಂಗಸರನ್ನು ಕೇಳಿರಿ. ಅವರಿಗೆ ತಿಳಿದಷ್ಟು ಯಜಮಾನರಿಗೆ ತಿಳಿದಿರುವುದಿಲ್ಲ. ನಲ್ಲಿಯನ್ನೋ ಬಟ್ಟೆ ಒಣಹಾಕುವ ತಂತಿಯನ್ನೋ ಮುಟ್ಟಿದಾಗ ಜುಮ್ಮೆಂದಿತು ಎಂದು ಯಾರಾದರೂ ಹೇಳಿದರೆ ಅದನ್ನು ನಗೆಯಾಡಿ ಬಿಡದೆ ಆ ಕ್ಷಣವೇ ಮುಖ್ಯ ಸ್ವಿಚ್ಚನ್ನು ಆರಿಸಿರಿ. ಇನ್ವರ್ಟರು ಇರುವ ಮನೆಗಳಲ್ಲಿ ಮುಖ್ಯ ಸ್ವಿಚ್ಚನ್ನು ಆರಿಸಿದರೂ ಕೆಲವು ಸಾಲುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ; ಎರಡನ್ನೂ ಆರಿಸತಕ್ಕದ್ದು. ಕೆಲವು ದೀಪಗಳು ಹಠಾತ್ತಾಗಿ ಪ್ರಖರವಾಗಿ, ಕೆಲವು ಮಂಕಾದರೆ ನ್ಯೂಟ್ರಲ್ ತಂತಿಯು ಕಡಿದಿರುವ ಸಂಭವವುಂಟು. ಆಗಲೂ ಕೂಡಲೆ ಆರಿಸಿ, 1912ಕ್ಕೆ ದೂರವಾಣಿ ಮಾಡಿ ಜೆಸ್ಕಾಂ ಸಿಬ್ಬಂದಿಗೆ ತಿಳಿಸಬೇಕು.

ಎಲ್.ಇ.ಡಿ. ಬಲ್ಬುಗಳಿಂದ ಒಂದು ಉಪಕಾರವಾಗಿದೆ. ಸ್ವಿಚ್ಚು ಆರಿಸಿದ ಮೇಲೆಯೂ ಕತ್ತಲೆಯಲ್ಲಿ ಅವು ಮಿಣುಕುತ್ತಿದ್ದರೆ, ಸ್ವಿಚ್ಚನ್ನು ಫೇಸ್ ತಂತಿಗೆ ಹಾಕದೆ ನ್ಯೂಟ್ರಲಿಗೆ ಹಾಕಿರುವುದು ಅದರ ಕಾರಣಗಳಲ್ಲಿ ಒಂದು. ಅಂಥ ದೀಪವು ಆರಿದ್ದರೂ ಹೋಲ್ಡರಿನಲ್ಲಿ ಪೂರ್ಣ 230 ವೋಲ್ಟು ಇರುತ್ತದೆ. ಬಲ್ಬು ಬದಲಿಸುವವನು ಮೋಸಹೋಗುತ್ತಾನೆ.

ಮೀಟರಿನಿಂದಲೂ ಒಂದು ಸುಳಿವು ದೊರಕುತ್ತದೆ. ಮುಖ್ಯ ಸ್ವಿಚ್ಚನ್ನು ಹಾಗೆಯೇ ಬಿಟ್ಟು, ದೀಪ ಪಂಖಗಳನ್ನೆಲ್ಲ ಆರಿಸಿ, ಇನ್ವರ್ಟರು, ಫ್ರಿಜ್ಜು, ಟಿ.ವಿ., ಚಾರ್ಜರುಗಳ ಪ್ಲಗ್ಗುಗಳನ್ನು ಕಿತ್ತು, ಮೀಟರಿನ ಮಿಣುಕು ದೀಪವನ್ನು ಕಾಲು ಗಂಟೆ ನೋಡಿರಿ. ಆಗಲೂ ಅದು ಮಿಣುಕಿದರೆ ಎಲ್ಲಿಯೋ ಸೋರಿಕೆಯಿದೆ ಅಥವಾ ನಿಮಗೆ ತಿಳಿಯದ ಬಳಕೆಯಿದೆ. ಅನೇಕ ಮೀಟರುಗಳಲ್ಲಿ ಇ.ಎಲ್. ಎಂಬ ಗುರುತಿನ ಇನ್ನೊಂದು ಸಣ್ಣ ದೀಪವಿರುವುದು. ಹೋದ ವಿದ್ಯುತ್ತು ನ್ಯೂಟ್ರಲಿನಿಂದ ಹಿಂದಿರುಗದೆ ಬೇರೆ ದಾರಿ ಹಿಡಿದಾಗ ಅದು ಹತ್ತುತ್ತದೆ. ಹಿಂದೆ ಬಿಲ್ಲು ಏರಿದರೆ ಜನರು ಕಾರಣವನ್ನು ಹುಡುಕುತ್ತಿದ್ದರು. 2023ರಲ್ಲಿ 200 ಯೂನಿಟ್ಟಿನ ಮಿತಿಯೊಳಗೆ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅನೇಕ ಮನೆಗಳಿಗೆ ಸೊನ್ನೆಯ ಬಿಲ್ಲು ಬರುವುದರಿಂದ ಆ ಎಚ್ಚರಿಕೆಯ ಗಂಟೆಯು ನಿಂತಿತು. ಹಣ ಕೊಡಬೇಕಾಗಿಲ್ಲದಿದ್ದರೂ ಯೂನಿಟ್ಟುಗಳ ಅಂಕಿಯನ್ನು ಪ್ರತಿ ತಿಂಗಳು ನೋಡುವ ಅಭ್ಯಾಸವನ್ನು ಬಿಡಬಾರದು.

ಇಷ್ಟರ ಮೇಲಿನ ಪರೀಕ್ಷೆಯು ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರ ಕೆಲಸ. ಮೀಟರಿನವರೆಗಿನ ಹೊಣೆ ಜೆಸ್ಕಾಂ ಕಂಪನಿಯದು, ಅಲ್ಲಿಂದ ಒಳಗಿನದು ಮನೆಯ ಯಜಮಾನರದು; ಆದ್ದರಿಂದ ಲೈನ್‌ಮನ್ನರು ಬಂದು ನೋಡಲಿ ಎಂದು ಕಾಯುವುದು ವ್ಯರ್ಥ. ಗುತ್ತಿಗೆದಾರರು ಬಂದಾಗ ಟೆಸ್ಟರಿನ ಕೆಂಪು ದೀಪವನ್ನು ತೋರಿಸಿ "ಎಲ್ಲ ಸರಿ ಇದೆ" ಎಂದರೆ ಒಪ್ಪಬೇಡಿರಿ. ಟೆಸ್ಟರು ವಿದ್ಯುತ್ತು ಇದೆ ಎಂಬುದನ್ನು ಹೇಳುತ್ತದೆಯೇ ಹೊರತು ಹೊದಿಕೆಯ ಸ್ಥಿತಿಯನ್ನು ಹೇಳುವುದಿಲ್ಲ. 500 ವೋಲ್ಟಿನ ಮೆಗ್ಗರ್ ಯಂತ್ರದಿಂದ ಒಂದೊಂದು ಸಾಲನ್ನೂ ಅಳೆಯಬೇಕು. ಹೊದಿಕೆಯ ತಡೆಯು ಕನಿಷ್ಠ ಪಕ್ಷ ಒಂದು ಮೆಗಾಓಮು ಬರಬೇಕು. ಅರ್ಥಿಂಗಿನ ತಡೆಯನ್ನು ಅದಕ್ಕೆಂದೇ ಇರುವ ಯಂತ್ರದಿಂದ ಅಳೆಯಬೇಕು. 5 ಓಮಿಗಿಂತ ಕಡಿಮೆ ಬಂದರೆ ಉತ್ತಮ. ಮೂರು ರಂಧ್ರಗಳ ಸಾಕೆಟ್ಟಿನ ಮೇಲಿನ ದೊಡ್ಡ ರಂಧ್ರಕ್ಕೆ ಹಿಂದುಗಡೆ ಹಸುರು ತಂತಿ ನಿಜವಾಗಿಯೂ ಕೂಡಿದೆಯೆ ಎಂದು ತೆರೆದು ತೋರಿಸಲು ಹೇಳಿರಿ. ಎಷ್ಟೋ ಮನೆಗಳಲ್ಲಿ ಆ ರಂಧ್ರವು ಅಲಂಕಾರಕ್ಕೆ ಮಾತ್ರ ಇರುತ್ತದೆ. ಅಂಕಿಗಳನ್ನು ದಿನಾಂಕದೊಡನೆ ಕಾಗದದ ಮೇಲೆ ಬರೆಸಿಕೊಳ್ಳಿರಿ; ಮುಂದಿನ ಸಲ ಹೋಲಿಸಿ ನೋಡಲು ಬೇಕಾಗುತ್ತದೆ.

ಒಮ್ಮೆಲೇ ಎಲ್ಲವನ್ನೂ ಬದಲಿಸುವ ಅನುಕೂಲವು ಎಲ್ಲರಿಗೂ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲನೆಯ ಹಣವು ಅರ್ಥಿಂಗಿಗೂ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ.ಗೂ ಸಲ್ಲತಕ್ಕದ್ದು. ಹೋದ ಪ್ರವಾಹಕ್ಕೂ ಬಂದ ಪ್ರವಾಹಕ್ಕೂ ಇಷ್ಟು ಅಲ್ಪ ವ್ಯತ್ಯಾಸ ಕಂಡರೂ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಫೇಸನ್ನೂ ನ್ಯೂಟ್ರಲನ್ನೂ ಎರಡು ಕೈಗಳಿಂದ ಹಿಡಿದವನನ್ನು ಇದು ಕಾಯಲಾರದು. ಉಳಿದಂತೆ ಇದರಷ್ಟು ಉಪಯುಕ್ತವಾದದ್ದು ಬೇರೊಂದಿಲ್ಲ. ಹಳೆಯ ಮನೆಯಲ್ಲಿ ಇದನ್ನು ಹಾಕಿದ ದಿನವೇ ಮೇಲಿಂದ ಮೇಲೆ ಬೀಳುವುದುಂಟು. ಆಗ ಕೆಲಸದವನು "ಇದು ಕೆಟ್ಟ ಮಾಲು, ತೆಗೆದುಬಿಡೋಣ" ಎನ್ನುತ್ತಾನೆ. ತೆಗೆಯಬಾರದು. ಎಲ್ಲಿಯೋ ಹೊದಿಕೆ ಸೋರುತ್ತಿರಬೇಕು, ಇಲ್ಲವೆ ನ್ಯೂಟ್ರಲಿಗೆ ಬದಲು ಅರ್ಥಿಂಗ್ ತಂತಿಯಿಂದಲೇ ದೀಪ ಹೊತ್ತಿಸಿರಬೇಕು. ಈ ದುರಭ್ಯಾಸವು ನಮ್ಮ ಹಳ್ಳಿಗಳಲ್ಲಿ ಬಹಳವಾಗಿದೆ. ಸ್ವಿಚ್ಚಿನ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ಎಂದು ನೋಡಬೇಕು.

ಎರಡನೆಯದಾಗಿ ಹತ್ತಿಯ ಕೋಣೆ. ದೇವದುರ್ಗ, ಮಾನ್ವಿ, ರಾಯಚೂರು ತಾಲ್ಲೂಕುಗಳಲ್ಲಿ ಬಿಡಿಸಿದ ಹತ್ತಿಯನ್ನು ಧಾರಣೆ ಏರಲಿ ಎಂದು ತಿಂಗಳುಗಟ್ಟಲೆ ಪಡಸಾಲೆಯಲ್ಲಿಯೋ ಒಳಕೋಣೆಯಲ್ಲಿಯೋ ಸೂರಿನವರೆಗೆ ತುಂಬುತ್ತಾರೆ. ಸ್ವಿಚ್ಚುಬೋರ್ಡು ಹತ್ತಿಯ ಹಿಂದೆ ಮುಚ್ಚಿಹೋಗಿರುವುದನ್ನು ನಾನು ಕಂಡಿದ್ದೇನೆ. ಸಡಿಲವಾದ ಒಂದು ತಿರುಪಿನ ಕಿಡಿಗೆ ವರ್ಷದ ಬೆಳೆಯೂ ಮನೆಯೂ ಹೋಗಲು ಹೆಚ್ಚು ಹೊತ್ತು ಬೇಡ. ಹತ್ತಿ ತುಂಬುವ ಕೋಣೆಯ ಸಾಲಿಗೆ ಬಾಗಿಲ ಹೊರಗೆ ಬೇರೆ ಸ್ವಿಚ್ಚನ್ನು ಹಾಕಿಸಿ, ಕೆಲಸವಿಲ್ಲದಾಗ ಆರಿಸಿಟ್ಟು, ಬೋರ್ಡು ಮತ್ತು ತಂತಿಗಳಿಂದ ಎರಡು ಮೊಳವಾದರೂ ದೂರಕ್ಕೆ ಹತ್ತಿಯನ್ನು ಒಟ್ಟತಕ್ಕದ್ದು. ಅಲ್ಲಿ ಸಾಕೆಟ್ಟು ಇರಲೇಬಾರದು. ಹುಲ್ಲು, ಸೊಪ್ಪೆಗಳನ್ನಿಡುವ ಕಡೆಯೂ ಇದೇ ಕ್ರಮ. ದನದ ಕೊಟ್ಟಿಗೆಯನ್ನು ಮೂರನೆಯದಾಗಿ ಹೇಳುತ್ತೇನೆ. ದನಗಳ ಮುಂಗಾಲು ಹಿಂಗಾಲುಗಳ ನಡುವಣ ಅಂತರವು ಹೆಚ್ಚು, ಮೈಯ ತಡೆಯು ಕಡಿಮೆ. ಮನುಷ್ಯನಿಗೆ ಜುಮ್ಮೆನ್ನುವಷ್ಟು ವಿದ್ಯುತ್ತು ಅವುಗಳ ಪ್ರಾಣವನ್ನು ತೆಗೆಯಬಲ್ಲದು. ಗೋದಲಿ, ನಲ್ಲಿ, ತಗಡು, ಕಟ್ಟುವ ಕಬ್ಬಿಣದ ಗೂಟ, ಇವು ಯಾವುವೂ ತಂತಿಗೆ ಸಮೀಪದಲ್ಲಿರಬಾರದು.

ಯಾರಿಗಾದರೂ ವಿದ್ಯುತ್ತು ಹಿಡಿದರೆ ಮೊದಲು ಸ್ವಿಚ್ಚನ್ನು ಆರಿಸಬೇಕು. ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ ಬಿಡಿಸಬೇಕೇ ಹೊರತು ಕೈಯಿಂದ ಎಳೆಯಬಾರದು. ಮೂರ್ಛೆಹೋದವರನ್ನು ಮರಳಿನಲ್ಲಿಯೋ ಮಣ್ಣಿನಲ್ಲಿಯೋ ಹೂಳುವ ಪದ್ಧತಿಯನ್ನು ಗ್ರಾಮದ ಹಿರಿಯರು ನಿಲ್ಲಿಸಬೇಕು. ಅದರಿಂದ ಏನೂ ಪ್ರಯೋಜನವಿಲ್ಲ. ಉಸಿರು ಎದೆಬಡಿತಗಳನ್ನು ಮರಳಿಸಬಹುದಾದ ನಿಮಿಷಗಳು ಅದರಲ್ಲಿಯೇ ಕಳೆದುಹೋಗುತ್ತವೆ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಕೈಗಳಿಂದ ಬಲವಾಗಿ, ಬೇಗ ಬೇಗನೆ ಒತ್ತುತ್ತಾ 108ರ ವಾಹನವನ್ನು ಕರೆಯಿಸಬೇಕು.

ಕಡೆಯದಾಗಿ ಗೌಡರಲ್ಲಿಯೂ ಪಂಚಾಯತಿಯ ಮುಖಂಡರಲ್ಲಿಯೂ ಒಂದು ಅರಿಕೆ. ಗುಡಿ, ದರ್ಗಾ, ಶಾಲೆ, ಅಂಗನವಾಡಿ, ಸಮುದಾಯ ಭವನಗಳ ತಂತಿಗಳು ಎಲ್ಲರವೂ ಆಗಿರುವುದರಿಂದ ಯಾರವೂ ಅಲ್ಲ. ಜಾತ್ರೆ, ಮೊಹರಂ, ಮದುವೆಗಳಲ್ಲಿ ಅವುಗಳಿಂದಲೇ ದೀಪದ ಸರಗಳನ್ನು ಎಳೆಯುತ್ತಾರೆ. ಮೇಲೆ ಹೇಳಿದ ಪರೀಕ್ಷೆಯನ್ನು ಮಳೆಗಾಲ ಹಿಡಿಯುವ ಮೊದಲು, ಎರೆಯು ಪೂರ್ಣವಾಗಿ ಬಿರಿದಿರುವ ವೈಶಾಖದಲ್ಲಿ ಮಾಡಿಸಿದರೆ ಅರ್ಥಿಂಗಿನ ನಿಜಸ್ಥಿತಿಯು ತಿಳಿಯುತ್ತದೆ. ಗುತ್ತಿಗೆದಾರರನ್ನು ತಮ್ಮ ಮನೆಗೆ ಕರೆಯಿಸಿದ ದಿನವೇ ಈ ಕಟ್ಟಡಗಳನ್ನೂ ತೋರಿಸಿದರೆ ಅವರು ಮೆಗ್ಗರ್ ಯಂತ್ರವನ್ನು ಹೊತ್ತುಕೊಂಡು ಎರಡನೆಯ ಸಲ ಬರುವುದು ತಪ್ಪುತ್ತದೆ.